ಎರಡೂವರೆ ಕೆಜಿ ಗಾಳಿ

ಬನ್ನಿಮಂಟಪದ ಹಿಂದೆ, ವೆಲ್ಡಿಂಗ್ ಅಂಗಡಿ ಸಾಲಿನ ಕೊನೆಗೆ
ಲೂರ್ದುಸಾಮಿಯ ಶೆಡ್ಡು.
ಹದಿನೆಂಟು ವರ್ಷ ನೌಕಾಪಡೆಯಲ್ಲಿ ಮುಳುಗಿ ಎದ್ದವನು,
ಒಂದು ಕಿವಿ ಕಡಲಿಗೇ ಬಿಟ್ಟುಬಂದವನು.
ಅದಕ್ಕೇ ಮಾತು ಜೋರು:
'ಬಣ್ಣ ನೋಡ್ಬೇಡಿ. ಕತ್ತು ನೋಡಿ.'

ಕತ್ತಿನ ಮೇಲೆ ಕೊರೆದ ಅಂಕಿ.
ಎಷ್ಟು ಹಿಡಿಯುತ್ತದೆ, ಎಷ್ಟು ಒತ್ತಡ ತಾಳುತ್ತದೆ,
ಕೊನೆಯ ಸಲ ಪರೀಕ್ಷೆಗೆ ಒಡ್ಡಿದ್ದು ಯಾವಾಗ.
ನನ್ನ ಕತ್ತನ್ನೊಮ್ಮೆ ಮುಟ್ಟಿಕೊಂಡೆ.
ಅಲ್ಲಿ ಬೆವರು, ಒಂದು ಕರಿದಾರ.

ಮೂರು ನಿಂತಿದ್ದವು ಗೋಡೆಗೊರಗಿ
ಶಾಲೆಗೆ ತಡವಾಗಿ ಬಂದ ಹುಡುಗರ ಹಾಗೆ.

ಹಳದಿಯದು ಅಲ್ಯೂಮಿನಿಯಂ, ಹೊಳೆಯುತ್ತಿತ್ತು.
'ಗಾಳಿ ತೀರ್ತಾ ತೀರ್ತಾ ಬೆನ್ನ ಮೇಲೆ ಬೆಂಡಾಗ್ತದೆ,
ಮೇಲಕ್ಕೆ ಎಳೀತದೆ. ನಾಲೆ ಸೆಳವಲ್ಲಿ ನಿಮಗದು ಬೇಡ.'
ಉದ್ದನೆಯದು ಉಕ್ಕು, ಹನ್ನೆರಡು ಲೀಟರು.
ಬೆನ್ನಿಗೆ ಕಟ್ಟಿಸಿಕೊಂಡು ಕೂತೆ:
ಮೇಲೆ ಬುರುಡೆಗೆ ಬಡಿಯಿತು, ಕೆಳಗೆ ತಿಕಕ್ಕೆ.
ಐದಡಿ ಎರಡಿಂಚಿನವನು ನಾನು.
ಶೆಡ್ಡಿನ ಹುಡುಗ ನಕ್ಕ. ನಾನೂ.

ಮೂರನೆಯದು ಗಿಡ್ಡ. ಉಕ್ಕೇ. ಹತ್ತು ಲೀಟರು.
ಬಣ್ಣ ಎದ್ದ ಭುಜ.
ವಾಲ್ವು ಬಿಚ್ಚಿ, ತಂತಿಗೆ ಕಟ್ಟಿದ ಪುಟ್ಟ ಬಲ್ಬನ್ನು
ಒಳಗಿಳಿಸಿದ ಸಾಮಿ. 'ಇಣುಕಿ.'
ಬೂದು ಬಣ್ಣದ, ಒಣಗಿದ ಒಂದು ಬಾವಿ.
ತುಕ್ಕಿದ್ದರೆ ಅದು ಒಳಗೇ ಕೂತು ಉಸಿರು ತಿನ್ನುತ್ತದಂತೆ,
ನಮಗಿಂತ ಮೊದಲು.

ಹದಿನಾರು ವರ್ಷದಿಂದ ನಾಲೆಯಲ್ಲಿ ಮುಳುಗುತ್ತೇನೆ
ಬರಿ ಎದೆಯಲ್ಲಿ.
ಅಪ್ಪ ಹರಿಗೋಲಿನ ಹುಟ್ಟಿನಿಂದ ನೀರಿಗೆ ಬಡಿದು ಎಣಿಸುತ್ತಿದ್ದ,
ನೂರೈವತ್ತಕ್ಕೆ ಮೊದಲು ಎದ್ದರೆ ಆ ದಿನ ಮಾತಿಲ್ಲ.
ಎತ್ತಿದ್ದೇನೆ: ಮಾಂಗಲ್ಯ, ಪಂಪ್‌ಸೆಟ್ಟು, ಎರಡು ಮೋಟಾರ್ ಬೈಕು,
ಒಬ್ಬ ಮೇಷ್ಟ್ರ ಕನ್ನಡಕ,
ಠಾಣೆಯಿಂದ ಫೋನು ಬಂದಾಗ, ಬೇರೆ.
ಗದ್ದೆಗೆ ಹೋಗುವ ನೀರೇ ಅದು. ಅದಕ್ಕೇನು ಗೊತ್ತು.

ಆ ತಿರುವಿನಲ್ಲಿ ಕಾರು ಬಿದ್ದ ಸಂಜೆ
ನೂರ ಎಂಬತ್ತೆರಡು ಎಣಿಸಿದ್ದೆ
ಬೆರಳಿಗೊಂದು ಪುಟ್ಟ ತೋಳಿನ ಗುಂಡಿ ತಗುಲಿದಾಗ.
ಬಿಟ್ಟು ಎದ್ದೆ.
ಎದ್ದು, ಉಸಿರು ತಗೊಂಡು, ಮತ್ತೆ ಹೋದೆ.
ಸಿಕ್ಕಿತು. ಸಿಕ್ಕಿ ಏನು ಬಂತು.

'ಎಷ್ಟೊತ್ತು ಹಿಡಿಯಕ್ಕಾಗ್ತದೆ ನಿಮಗೆ?' ಕೇಳಿದ ಸಾಮಿ.
ಸ್ವಲ್ಪ ಜಂಬದಲ್ಲೇ ಹೇಳಿದೆ.
'ಮೊದಲು ಅದನ್ನ ಮರೀರಿ.
ಇದನ್ನ ಕಟ್ಟಿಕೊಂಡು ಉಸಿರು ಹಿಡಿದು ಮೇಲೆ ಬಂದರೆ
ಎದೆ ಬಿರೀತದೆ. ತಗೋತಾ, ಬಿಡ್ತಾ. ತಗೋತಾ, ಬಿಡ್ತಾ.'

ಅಪ್ಪ ಕಲಿಸಿದ್ದು ಒಂದೇ ವಿದ್ಯೆ.
ಬ್ಯಾಂಕಿನ ಮುಂದೆ ರದ್ದಾದ ನೋಟು ಹಿಡಿದವನಂತೆ
ನಿಂತೆ.

'ತಳ ಬಳೀಬೇಡಿ. ಮುಳ್ಳು ಐವತ್ತಕ್ಕೆ ಬಂದಾಗ ಎದ್ದುಬಿಡಿ.'
ಇದು ಮಾತ್ರ ಗೊತ್ತಿತ್ತು.
ಅವ್ವ ರಾಗಿಹಿಟ್ಟಿನ ಡಬ್ಬದಲ್ಲಿ ಒಂದು ಹಿಡಿ ಬಿಟ್ಟೇ ಮುಚ್ಚುತ್ತಿದ್ದಳು,
ಎಷ್ಟೇ ಜನ ಉಣ್ಣಲು ಕೂತಿರಲಿ.

ಖಾಲಿಯಿದ್ದಾಗೊಮ್ಮೆ, ಕಂಪ್ರೆಸರ್ ಗುರುಗುಟ್ಟಿ ತುಂಬಿದ ಮೇಲೊಮ್ಮೆ
ಪಕ್ಕದ ಗುಜರಿಯ ತಕ್ಕಡಿಗೆ ಹಾಕಿದೆವು.
ಎರಡೂವರೆ ಕೆಜಿ ಹೆಚ್ಚು.
ಬರೀ ಗಾಳಿ.
ಚಂಪಾ ಹುಟ್ಟಿದ ದಿನ ಇಷ್ಟೇ ಇದ್ದಳು,
ನರ್ಸಮ್ಮ ಚೀಟಿಯಲ್ಲಿ ಬರೆದುಕೊಟ್ಟಿದ್ದಳು.

ಗಿಡ್ಡದಕ್ಕೇ ಮಾತಾಯಿತು.
ಅರ್ಧ ಜಯಶೀಲಳ ಸಂಘದ ಸಾಲ,
ಉಳಿದದ್ದು ಕಬ್ಬಿನ ಬಿಲ್ಲು ಬಂದ ಮೇಲೆ.

ಪಾಂಡವಪುರದ ಬಸ್ಸಿನಲ್ಲಿ ಕಂಡಕ್ಟರ್ ತಡೆದ:
'ಗ್ಯಾಸ್ ಹಾಕಂಗಿಲ್ಲ ಕಣಣ್ಣ.'
'ಗ್ಯಾಸಲ್ಲ, ಗಾಳಿ.'
'ಯಾವ ಗಾಳಿ?'
'ಇದೇ. ನೀನು ಉಸಿರಾಡ್ತಿರದು.'
ಸಿಲಿಂಡರನ್ನೂ ನನ್ನನ್ನೂ ನೋಡಿ
ಅರ್ಧ ಟಿಕೆಟ್ಟು ಹರಿದ.

ತೊಡೆಗಳ ನಡುವೆ ನಿಲ್ಲಿಸಿಕೊಂಡು ಕೂತೆ.
ಶ್ರೀರಂಗಪಟ್ಟಣದ ಸೇತುವೆ ಬಂತು, ಕೆಳಗೆ ಹೊಳೆ.
ಚಿಕ್ಕಂದಿನ ಚಾಳಿ,
ಸೇತುವೆ ಮುಗಿಯುವ ತನಕ ಉಸಿರು ಕಟ್ಟಿ ಎಣಿಸುವುದು.
ಹನ್ನೊಂದು, ಹನ್ನೆರಡು,
ಹದಿಮೂರು

ಬಿಟ್ಟೆ.
ತಗೊಂಡೆ.